ವಾಂತಿ ಚೀಲದ ಮೇಲೆ ಬರೆದದ್ದು

ಹೈದರಾಬಾದಿನಿಂದ ಮೈಸೂರಿಗೆ, ಪಂಖದ ಪುಟ್ಟ ವಿಮಾನ.
ಏಳನೇ ಸಾಲಿನ ಕೊಂಡಲರಾಯರು
ಉಪ್ಪಿಟ್ಟಿನ ಡಬ್ಬಿಗೆ ನನ್ನಿಂದ ಬಿಸಿನೀರು ಹುಯ್ಯಿಸಿಕೊಂಡು
ಮೂರು ನಿಮಿಷ ಗಡಿಯಾರ ನೋಡಿ, ಮುಚ್ಚಳ ತೆಗೆದು,
ಹಾಗೇ ಮುಚ್ಚಿ, ಮೆಲ್ಲಗೆ ಕೇಳಿದರು:
ನೀವು ಆ ಕಡೆಯವರೇನಮ್ಮ?
ಮಂಡ್ಯದಲ್ಲಿ ಮೂರು ದಿನ ಕೆಲಸ. ಊಟಕ್ಕೆ ಎಲ್ಲಿ?

ಕಬ್ಬಿನ ಲಾರಿ ಹತ್ತಿ ನಿಲ್ಲುವ ತಕ್ಕಡಿ ಇದೆಯಲ್ಲ
ಸಕ್ಕರೆ ಕಾರ್ಖಾನೆಯಲ್ಲಿ,
ಅದರ ಸುಳ್ಳು ನಿಜ ಪರೀಕ್ಷಿಸುವವರಂತೆ.
ನಾನು ಗುತ್ತಲಿನವಳು.
ನನ್ನನ್ನು ಕೇಳಬಾರದಿತ್ತು ಅವರು.

ಪೆನ್ನಿತ್ತು, ಹಾಳೆ ಇರಲಿಲ್ಲ.
ಸೀಟಿನ ಜೇಬಿನಿಂದ ವಾಂತಿ ಚೀಲ ಎಳೆದು,
ಅನ್ನದೇವರೇ ತಪ್ಪಾಯಿತು ಅಂತ, ಬರೆದೆ.
ಕನ್ನಡ ಪರವಾಗಿಲ್ಲ, ಅಂದರು ರಾಯರು,
ನಿಮ್ಮ ಅಕ್ಷರ ನಮ್ಮ ಅಕ್ಷರದ ತಂಗಿ.

ಬೆಳಿಗ್ಗೆ ಏಳಕ್ಕೆ ಪೇಟೆ ಬೀದಿ ಹಿಂದಿನ ಸಂದಿ.
ಬೋರ್ಡಿಲ್ಲ, ಸೈಕಲ್ಲುಗಳು ಒರಗಿದ್ದರೆ ಅದೇ.
ಸೆಟ್ ದೋಸೆ. ಸಾಗು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ,
ಮೂರನೇ ಸಲ ಕೇಳಿದರೆ ಬೈತಾರೆ.
ಮಧ್ಯಾಹ್ನ ನೂರಡಿ ರಸ್ತೆ, ನಿಂಗರಾಜಣ್ಣನ ಮೆಸ್ಸು,
ಬುಧವಾರ ಹುರುಳಿಕಾಳಿನ ಬಸ್ಸಾರು.
ಮುದ್ದೆ ಅಗಿಯಬೇಡಿ.
ಖಾರ ಕಮ್ಮಿ ಅನ್ನಬೇಡಿ, ಆ ಮನುಷ್ಯ ನೊಂದುಕೊಳ್ತಾನೆ.
ವಡೆ ರೈಲಿನ ಬುಟ್ಟಿಯಿಂದಲೇ, ಬಿಸಿ ಇದೆಯಾ ಬೆರಳಿಟ್ಟು ನೋಡಿ.
ಆಲೆಮನೆ ಕಂಡರೆ ಸುಮ್ಮನೆ ಹೋಗಿ ನಿಲ್ಲಿ,
ಬಿಸಿ ಬೆಲ್ಲ ಕೊಡ್ತಾರೆ, ದುಡ್ಡು ತಗೊಳಲ್ಲ.

ಬೆಲ್ಟಿನ ದೀಪ ಹತ್ತಿತು. ಚೀಲದ ಎರಡೂ ಮಗ್ಗುಲು ತುಂಬಿತ್ತು.

ಮಂಡಕಳ್ಳಿಯಲ್ಲಿ ಬಾಗಿಲು ತೆಗೆದರೆ ನಮ್ಮ ಗಾಳಿ.
ಇಪ್ಪತ್ತೈದು ನಿಮಿಷ.
ಕಸ ಹೆಕ್ಕಿ, ಬೆಲ್ಟು ಮಡಿಸಿ, ತಲೆ ಎಣಿಸಿ, ಮತ್ತೆ ಬಾಗಿಲು.
ಎರಡು ವರ್ಷದಿಂದ ವಾರಕ್ಕೆ ಮೂರು ಸಲ
ಊರಿಗೆ ಬಂದಿದ್ದೇನೆ,
ಮೆಟ್ಟಿಲು ಇಳಿದಿಲ್ಲ.

ನಾಲ್ಕನೇ ದಿನ, ಹತ್ತುವವರ ಸಾಲಿನ ಕೊನೆಗೆ ರಾಯರು.
ಕೈಯಲ್ಲಿ ಅದೇ ಚೀಲ, ಎಣ್ಣೆ ಕುಡಿದು ಕನ್ನಡಿಯಾಗಿತ್ತು.
ನೀಲಿ ಶಾಯಿಯಲ್ಲಿ ತಿದ್ದಿದ್ದರು, ಮೇಷ್ಟ್ರ ಹಾಗೆ:

ಸಂದಿಯ ಹೋಟೆಲು ಈಗ ಮೊಬೈಲ್ ಕವರಿನ ಅಂಗಡಿ.
ಬಸ್ಸಾರು ಬುಧವಾರವಲ್ಲ, ಶುಕ್ರವಾರ.
ಮುದ್ದೆ ಮುನ್ನೂರ ಹತ್ತು ಗ್ರಾಂ, ಎರಡನೆಯದು ಮುನ್ನೂರ ಇಪ್ಪತ್ತು,
ಕೈಯಲ್ಲಿ ಕಟ್ಟಿದ್ದಕ್ಕೆ ಈ ವ್ಯತ್ಯಾಸ ಕ್ಷಮ್ಯ.
ವಡೆ: ಬೆರಳು ಸುಟ್ಟಿತು.
ನಿಂಗರಾಜಣ್ಣ ಹೋದ ವರ್ಷ ತೀರಿಕೊಂಡರು. ಮಗಳು ನಡೆಸುತ್ತಾಳೆ.
ಖಾರ ಕಮ್ಮಿ ಅಂದೆ. ನೊಂದುಕೊಳ್ಳಲಿಲ್ಲ,
ಹಸಿಮೆಣಸಿನಕಾಯಿ ತಂದು ತಟ್ಟೆಗೆ ಕುಕ್ಕಿದಳು.

ಇನ್ನೊಂದು, ಬರೆಯಲು ಜಾಗವಿರಲಿಲ್ಲ, ಅಂದರು ಬಾಯಲ್ಲಿ.
ಚೀಲ ನೋಡಿ ಆ ಹುಡುಗಿ
ಈ ಳಕಾರ ನನಗೆ ಗೊತ್ತು ಅಂದಳು.
ಗೋಡೆ ತೋರಿಸಿದಳು.

ಎಸ್ಸೆಲ್ಸಿಯಲ್ಲಿ, ಒಂದು ತಟ್ಟೆ ಚಿತ್ರಾನ್ನಕ್ಕೆ,
ಸ್ಟೂಲು ಹತ್ತಿ ಬರೆದಿದ್ದೆ ಆ ದರಪಟ್ಟಿ.
ಕೋಳಿಯ ಳ ಕೋಳಿಯ ಹಾಗೇ ಬಾಲ ಎತ್ತಿತ್ತು.
ಕೆಳಗೆ ನಿಂತು ಸ್ಟೂಲು ಹಿಡಿದಿದ್ದ ನಿಂಗರಾಜಣ್ಣ
ಸೊಟ್ಟ ಆಯ್ತು ಕಣವ್ವ, ಇರಲಿ ಬುಡು, ಅಂದಿದ್ದ.

ದರ ಮಾತ್ರ ಸುಣ್ಣ ಹೊಡೆದು ಬೇರೆ ಬರೆದಿದ್ದಾರೆ,
ಹೆಸರುಗಳೆಲ್ಲ ನಿಮ್ಮವೇ, ಅಂದರು ರಾಯರು.
ಕೊನೆಗೊಂದು ಸಾಲು ಖಾಲಿ ಇದೆ. ಬಣ್ಣ ಇದೆಯಂತೆ.
ಆಮೇಲೆ ಜೇಬಿನಿಂದ ಕಾಗದ ಸುತ್ತಿದ ಬೆಲ್ಲದುಂಡೆ:
ದುಡ್ಡು ತಗೊಂಡರಮ್ಮ. ಇಪ್ಪತ್ತು ರೂಪಾಯಿ.
ಅದನ್ನೂ ತಿದ್ದಿದ್ದೇನೆ.

ಬಾಗಿಲು ಹಾಕುವ ಮುಂಚೆ
ಒಂದು ಮೆಟ್ಟಿಲು ಇಳಿದೆ.
ಏನಾದರೂ ಬಿತ್ತಾ ಮೇಡಂ, ಕೆಳಗಿನಿಂದ ಕೂಗಿದ ಲಗೇಜಿನ ಹುಡುಗ.
ಇಲ್ಲ ಅಂದೆ.
ಹತ್ತಿದೆ.